ಎಲೆ ಉದುರಿಸಿದ ಹದಿನಾಲ್ಕು ಪೊದೆಗಳ ಪರವಾಗಿ

ಉದ್ಯಾನದ ಮೇಲಧಿಕಾರಿಗಳೇ,

ಮರುಭೂಮಿ ಪೊದೆಗಳಿಗೆ ಬೇಲಿ ಹಾಕಿಸುತ್ತೇನೆಂದಿರಿ, ಹಾಕಿಸಲಿಲ್ಲ. ಕಂಡವರೆಲ್ಲ ನೀರು ಬಿಡದಂತೆ ಆ ಪಾತಿಯ ನಲ್ಲಿಯ ಕೀಲಿ ನನ್ನ ಕೈಗೇ ಕೊಡುತ್ತೇನೆಂದಿರಿ, ಕೊಡಲಿಲ್ಲ. ಕೊಟ್ಟದ್ದು ನೋಟಿಸು ಮಾತ್ರ. ನೀರು ಹಾಕದೆ ಹದಿನಾಲ್ಕು ಪೊದೆ ಒಣಗಿಸಿದ್ದೇನಂತೆ. ಶುಕ್ರವಾರ ಅವನ್ನೂ ಕೀಳಿಸಿ, ನನ್ನನ್ನೂ ಕೆಲಸದಿಂದ ಕಳಿಸುತ್ತೀರಂತೆ.

"ಏನಮ್ಮಾ, ಸೌದೆ ಕಾಯ್ತಿದ್ದೀಯಾ?" ಎಂದು ಎಲ್ಲರೆದುರು ನಕ್ಕಿರಿ. ಸ್ವಾಮಿ, ಅವು ಸತ್ತಿಲ್ಲ. ಬಿರುಬೇಸಿಗೆಯಲ್ಲಿ ಒಳಗಿನ ನೀರು ಉಳಿಸಿಕೊಳ್ಳಲು ಈ ಜಾತಿ ತಾನಾಗಿಯೇ ಎಲೆ ಉದುರಿಸಿ ಸುಮ್ಮನಿರುತ್ತದೆ. ಆಗ ನೀರು ಸುರಿದರೆ ಬೇರು ಕೊಳೆಯುತ್ತದೆ. ನಿಜವಾಗಿ ಸತ್ತದ್ದು ನಿಮ್ಮ ಅಪ್ಪಣೆಯಂತೆ ದಿನವೂ ಪೈಪು ಬಿಟ್ಟ ಬೇರೆ ಆರು ಪೊದೆ. ಅವುಗಳ ಬೇರಿನ ನಾತ ಇನ್ನೂ ನನ್ನ ಕೈಯಿಂದ ಹೋಗಿಲ್ಲ.

ನೋಟಿಸು ಬಂದಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮತ್ತೆ ಮತ್ತೆ ಹೋಗಿ ಉಗುರಿನಿಂದ ಕಡ್ಡಿ ಕೆರೆದು ನೋಡುತ್ತೇನೆ. ತೊಗಟೆಯಡಿ ಹಸಿರಿದೆ. "ಹಿಂಗೇ ಕೆರೀತಿರು, ಅವರಿಗಿಂತ ಮುಂಚೆ ನೀನೇ ಸಾಯಿಸ್ತೀಯ ಕಣೇ" ಎಂದು ಜೊತೆ ಕೆಲಸದ ಅಕ್ಕ ಬೈಯುತ್ತಾಳೆ.

ನಿಮ್ಮ ಸಮಜಾಯಿಷಿ ಬೇಡ. ನಲ್ಲಿಯ ಕೀಲಿ ತನ್ನಿ. ಹೆಬ್ಬೆರಳಿನ ಉಗುರು ಕತ್ತರಿಸದೆ ಬನ್ನಿ, ಈ ಸಲ ಕೆರೆಯುವವರು ನೀವು. ಹನ್ನೊಂದು ಜನ ಮಾಲಿಗಳೂ ಪೊದೆಗಳ ಸುತ್ತ ನಿಂತಿರುತ್ತೇವೆ, ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ.

ಇಂತಿ,
ಒಣಪಾತಿಯ ಮಾಲಿ