ಎಡಕ್ಕೆ ವಾಲಿದ ನಿಬ್ಬು

ಗದಗ
ಅಂಗೈಹಾಳೆ ಜಾರಿಯಾದ ಎಂಬತ್ತೆಂಟನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತೈದನೆಯ ದಿನ

ಶಕುಂತಲಾ ಮುಂಡರಗಿ ಅವರಿಗೆ,

ಈ ಪೆನ್ನಿಗೆ ಈವರೆಗೆ ತಗುಲಿದ ಬೆಲೆ: ಬದಲಿಗೆ ಕೊಟ್ಟ ನನ್ನಜ್ಜನ ಗಡಿಯಾರ, ನಾಲ್ಕು ತಿಂಗಳ ಕಾಗದ, ನೆರೆಮನೆಯವಳ ಒಂಬತ್ತು ದಿನದ ಮಾತು. ತಾರೀಖು ಕಂಡು ಗಾಬರಿಯಾಗಬೇಡಿ, ನಾನು ಬರೆಯುತ್ತಿರುವುದು ನಿಮ್ಮ ಕಾಲದ ಎಷ್ಟೋ ಮುಂದಿನಿಂದ; ನಮ್ಮ ಪದಗಳು ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಾನು ಗುರುಪಾದ ಹೊಂಬಳ, ಇಂಕು ಪೆನ್ನು ಮಾರುವವನು. ಈ ಪೆನ್ನಿನ ಮೈಮೇಲೆ ನಿಮ್ಮ ಹೆಸರು ಕೊರೆದಿದೆ. ನಮ್ಮ ಪರಿಚಯ ಅಷ್ಟೇ.

ಇಲ್ಲಿ ಯಂತ್ರಗಳು ಯಾರ ದನಿಯನ್ನಾದರೂ, ಯಾರ ಮುಖವನ್ನಾದರೂ ನಕಲು ಮಾಡುತ್ತವೆ. ಹಾಗಾಗಿ ದೂರದವರು ಬದುಕಿದ್ದಾರೆಂದು ನಾವು ನಂಬುವುದು ಅವರ ಕೈಬರಹ ಕಂಡಾಗಲೇ. ಕಾಗದವೋ ತಲೆಗೆ ತಿಂಗಳಿಗೊಂದು, ಅಂಗೈಯಷ್ಟು, ಅದೇ ಅಂಗೈಹಾಳೆ. ದಪ್ಪ ನಿಬ್ಬಿನಲ್ಲಿ ಆರು ಸಾಲು ಹಿಡಿಯುತ್ತದೆ, ಸಣ್ಣ ನಿಬ್ಬಿನಲ್ಲಿ ಹದಿನಾಲ್ಕು. ಆ ಎಂಟು ಸಾಲಿನ ಮೇಲೆ ನನ್ನ ಅಂಗಡಿ ನಿಂತಿದೆ. ಗಿರಾಕಿಗೆ ನಾನು ಹೇಳುವುದಿಷ್ಟು: ಸೊನ್ನೆ ಸುತ್ತಿ ನೋಡಬೇಡಿ, ಸೊನ್ನೆ ಯಾವ ಪೆನ್ನಿನಲ್ಲೂ ಜಾರುತ್ತದೆ. 'ಕ್ಷ' ಬರೆಯಿರಿ. ಒತ್ತಬೇಡಿ. ನಿಮ್ಮ ಕೈ ಹೇಗೆ ವಾಲುತ್ತದೋ ಹಾಗೇ ಬಿಡಿ. ಸಣ್ಣ ಮೊನೆ ಆಗಲೂ ಕೆರೆಯದಿದ್ದರೆ ಅದು ನಿಮ್ಮದು.

ನಿಮ್ಮ ಪೆನ್ನು ಕೆರೆಯಿತು. ನಾಲ್ಕು ಹಾಳೆ ಹಾಳಾದ ಮೇಲೆ ಗುಟ್ಟು ತಿಳಿಯಿತು: ಮಣಿಕಟ್ಟನ್ನು ಕೊಂಚ ಎಡಕ್ಕೆ ವಾಲಿಸಿದರೆ ಎಣ್ಣೆ ಹಚ್ಚಿದಂತೆ ಓಡುತ್ತದೆ. ವರ್ಷಗಟ್ಟಲೆ ಹಾಗೆ ಹಿಡಿದು ನೀವು ಮೊನೆಯನ್ನು ಸವೆಸಿದ್ದೀರಿ. ನನಗೆ ಪತ್ರ ಬರೆಯುವವರಿಲ್ಲ, ನಾನು ಬರೆಯಬೇಕಾದವರೂ ಇಲ್ಲ. ನಿಮ್ಮ ವಾಲಿಕೆಗೆ ಕೈ ಒಪ್ಪಿಸಿ, ಹಾಳಾದ ಹಾಳೆಗಳ ಅಂಚಿನಲ್ಲಿ ಸುಮ್ಮನೆ ನನ್ನ ಹೆಸರನ್ನೇ ಬರೆಯುತ್ತಿದ್ದೆ, ಯಾರೋ ಕೈಹಿಡಿದು ತಿದ್ದಿಸಿದ ಹಾಗೆ.

ಅಷ್ಟರಲ್ಲಿ ನೆರೆಮನೆಯ ರುದ್ರವ್ವನ ಪೆನ್ನು ಮುರಿಯಿತು. ಕಾರವಾರದ ತಂಗಿ ಬರೆದಿದ್ದಳು: "ಬದುಕೀಯೋ ಇಲ್ಲೋ, ತಿಳಸು." ಅಂಗಡಿಯಲ್ಲಿ ಉಳಿದ ಸಣ್ಣ ನಿಬ್ಬು ನಿಮ್ಮದೊಂದೇ.

"ಬೆಕ್ಕು ಪರಚಿದಂಗ ಪರಚತೈತಲ್ಲೋ ಗುರುಪಾದಾ!"

"ತುಸು ಎಡಕ್ಕ ವಾಲಸವಾ."

"ಈ ಮುರದ ಹೆಬ್ಬಟ್ಟಿಲೇನ? ನಾ ಯಾಕ ವಾಲಲಿ? ನಿನ್ನ ಪೆನ್ನು ವಾಲಲಿ!"

ನಾನು ದಪ್ಪ ನಿಬ್ಬಿನ ಪೆನ್ನು ಚಾಚಿದೆ. "ಸತ್ತೀನಂತ ಬರ್ಯಾಕ ಆರು ಸಾಲು ಸಾಕೋ, ಬದುಕೀನಂತ ಬರ್ಯಾಕ ಹದಿನಾಲ್ಕು ಬೇಕು" ಅಂದಳು. ಹಾಗಾದರೆ ಸಣ್ಣ ಮೊನೆಯನ್ನೇ ಉಜ್ಜಿ ನೇರ ಮಾಡಿಕೊಡು ಅಂತ ಹಟ ಹಿಡಿದಳು; ನಿಮ್ಮ ಮೊನೆಯನ್ನು ಸಾಣೆಕಲ್ಲಿಗೆ ಹಿಡಿಯಲಾರೆ ಎಂದೆ. ಅಂದಿನಿಂದ ಅವಳು ಮಾತಾಡಿಲ್ಲ. ದಿನಕ್ಕೊಮ್ಮೆ ನನ್ನನ್ನು ಹೆಸರಿಟ್ಟು ಕರೆಯುತ್ತಿದ್ದವಳು ಅವಳೊಬ್ಬಳೇ.

ನಾಳೆ ಬೆಳಿಗ್ಗೆ ಉಜ್ಜುತ್ತೇನೆ. ಕೂಡಿಟ್ಟ ಹಾಳೆಗಳನ್ನೆಲ್ಲ ಸುರಿದು ನಿಮ್ಮ ವಾಲಿಕೆಯಲ್ಲಿ ಬರೆದ ಕೊನೆಯ ಪತ್ರ ಇದು. ನಿಮ್ಮ ಕಾಲದಲ್ಲಿ ನೀವು ಇದನ್ನು ಓದುವ ಹೊತ್ತಿಗೆ ಪೆನ್ನು ಇನ್ನೂ ನಿಮ್ಮ ಕೈಸೇರದೆ ಅಲ್ಲಿನ ಯಾವುದೋ ಅಂಗಡಿಯಲ್ಲೇ ಇರಬಹುದು. ಅಂಗಡಿಯವನು ನೇರ ಹಿಡಿಯಿರಿ ಅಂದರೆ ಕೇಳಬೇಡಿ. ನಿಮ್ಮ ಪಾಡಿಗೆ ವಾಲಿಸಿ, ಕೊಳ್ಳಿ, ಬರೆಯಿರಿ.

ಇನ್ನು ಲಾಭದ ಲೆಕ್ಕ. ರುದ್ರವ್ವನಿಗೆ ಪೆನ್ನು. ತಂಗಿಗೆ ತಿಂಗಳಿಗೆ ಹದಿನಾಲ್ಕು ಸಾಲು. ಸಾಣೆಕಲ್ಲಿಗೆ ನಿಮ್ಮ ವಾಲಿಕೆ. ನನಗೆ, ಎಡಕ್ಕೆ ವಾಲುವುದನ್ನು ಕಲಿತ ಒಂದು ಮಣಿಕಟ್ಟು.