ಇಂಜಿನ್ನಿನ ಮಗ್ಗುಲ ಕೋಣೆ

ಇಂಡಿ,
ಬುಧವಾರ, ೮-೧-೧೯೭೫

ಮುದ್ದೇಬಿಹಾಳದ ನಮ್ಮ ಮನೆಯವರಿಗೆ, ಕಸ್ತೂರೆವ್ವ ಮಾಡುವ ಶರಣು ಶರಣಾರ್ಥಿ.

ಎರಡು ವರ್ಷದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರು ಮಾಡಲಿಕ್ಕೆ ಕೈ ಬರುತ್ತಿಲ್ಲ, ಯಾಕೆಂದರೆ ನಾನು ಕ್ಷೇಮವಾಗಿಲ್ಲ. ಎಡಗಿವಿಯೊಳಗೆ ಇನ್ನೂ ಜೀರುಂಡೆ ಕೂಗುತ್ತಿದೆ. ಮೂರು ಸಲ ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡರೂ ಕೂದಲಿಗೆ ಹತ್ತಿದ ಡೀಸೆಲ್ ವಾಸನೆ ಹೋಗಿಲ್ಲ. ಉಣ್ಣಲು ಕೂತರೆ ತುತ್ತಿನಲ್ಲೂ ಅದೇ ವಾಸನೆ.

ನಮ್ಮಣ್ಣ ಪರಪ್ಪ ಕಳಿಸಿದ ಸೋಡಚೀಟಿ ನಿಮಗೆ ಮುಟ್ಟಿರಬೇಕು. ಸಂಕ್ರಮಣ ಮುಗಿದ ಮೇಲೆ, ಗುರುವಾರ, ಎರಡೂ ಕಡೆಯ ಹಿರಿಯರು ಕೂಡುತ್ತಾರಂತೆ. ಅಷ್ಟರೊಳಗೆ ನೀವು ಸಹಿ ಮಾಡಿದರೆ ನಮ್ಮ ಹನ್ನೊಂದು ವರ್ಷದ ಸಂಸಾರ ಅಲ್ಲಿಗೆ ಹರಿಯಿತು. ನನ್ನ ಸಹಿಯನ್ನು ನಾನು ಯಾತ್ರೆಗೆ ಹೋಗುವ ಮುಂಚೆಯೇ ಹಾಕಿಬಿಟ್ಟಿದ್ದೆ, ಒಂದು ಹನಿ ಕಣ್ಣೀರು ಕೂಡ ಬಂದಿರಲಿಲ್ಲ. ನಿಮ್ಮದನ್ನು ಹಾಕುವ ಮೊದಲು ಈ ಕಾಗದವನ್ನು ಕೊನೆಯವರೆಗೆ ಓದಿರಿ. ಓದಿದ ಮೇಲೆ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.

ಸಿಂದಗಿಯ ಪರಮಾನಂದ ಎನ್ನುವವನು ವರ್ಷಕ್ಕೊಮ್ಮೆ ಯಾತ್ರೆಯ ಬಸ್ಸು ಬಿಡುತ್ತಾನೆ. ನನ್ನ ಮನಸ್ಸು ಹಗುರಾಗಲಿ ಎಂದು ಅಣ್ಣ, ಲಕ್ಕವ್ವ ವೈನಿ ಗಂಡಹೆಂಡತಿ ಇಬ್ಬರೂ ಕೂಡಿ ನನ್ನನ್ನು ಅದರಲ್ಲಿ ಎಳೆದುಕೊಂಡು ಹೋದರು. ಮೊದಲು ಮಲ್ಲಯ್ಯನ ಗುಡ್ಡ. ಆ ಕ್ಷೇತ್ರದ ನಿಜವಾದ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಯಾಕೆಂದು ನಿಮಗೆ ಗೊತ್ತು. ಗಂಡನ ಹೆಸರು ಬೆರೆತ ಊರನ್ನು ಹೆಸರು ಹಿಡಿದು ಕರೆಯುವ ಹೆಂಡತಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಸೋಡಚೀಟಿಗೆ ಸಹಿ ಹಾಕಿ ಬಂದವಳಿಗೆ ಈ ಮಡಿ ಯಾಕೆ ಎಂದು ಬಸ್ಸಿನ ಹೆಂಗಸರು ದಾರಿಯುದ್ದಕ್ಕೂ ನನ್ನನ್ನು ಕಾಡಿದರು.

ಅಲ್ಲಿಂದ ರಾಜಮಹೇಂದ್ರಿ. ಗೋದಾವರಿಯ ಮೇಲೆ ಲಾಂಚಿನಲ್ಲಿ ಒಂದು ಹಗಲು ಒಂದು ರಾತ್ರಿ ಹೋದರೆ ಭದ್ರಾಚಲ; ನಡುವೆ ನದಿಯ ನಡುಗಡ್ಡೆಯಲ್ಲಿ ವೀರಭದ್ರನ ಗುಡಿ. ಲಾಂಚಿಗೆ ಎರಡು ಅಂತಸ್ತು. ಮೇಲೆ ಗಾಳಿ, ಬೆಳಕು, ಗುಡ್ಡದ ಸಾಲು ನೋಡುತ್ತ ಕೂಡಲು ಬೆಂಚು. ಕೆಳಗೆ ಒಂದರ ಹಿಂದೊಂದು ಆರು ಗೂಡು. ಗಂಡಸರು ಮೇಲೆ ಬಯಲಲ್ಲಿ ಮಲಗಲಿ, ಮರ್ಯಾದಸ್ಥರ ಹೆಣ್ಣುಮಕ್ಕಳಿಗೆ ಬಾಗಿಲಿರುವ ಕೋಣೆ ಬೇಕು ಎಂದು ಪರಮಾನಂದ ನಮ್ಮನ್ನೆಲ್ಲ ಕೆಳಗೆ ಇಳಿಸಿದ. ಅದಕ್ಕೆ ರಾಣಿವಾಸ ಎಂದು ಹೆಸರು ಬೇರೆ ಇಟ್ಟ. ಅವನ ಮನೆ ಹಾಳಾಗ.

ಮುಂದಿನ ಎರಡು ಕೋಣೆಗಳಲ್ಲಿ ಇಂಜಿನ್ನಿನ ಸದ್ದು ನೆರೆಮನೆಯಲ್ಲಿ ಯಾರೋ ಬೀಸುತ್ತಿದ್ದಾರೆ ಅನ್ನುವಷ್ಟು. ನಡುವಿನ ಎರಡರಲ್ಲಿ ನಮ್ಮ ಅಡುಗೆಮನೆಯಲ್ಲೇ ಬೀಸುತ್ತಿದ್ದಾರೆ ಅನ್ನುವಷ್ಟು. ಕೂಗಿದರೆ ಮಾತು ಕೇಳುತ್ತದೆ. ಐದನೆಯದರಲ್ಲಿ ಕೂಗಿದರೂ ಇಲ್ಲ. ಆರನೆಯದಕ್ಕೂ ಇಂಜಿನ್ನಿಗೂ ನಡುವೆ ಒಂದೇ ಹಲಗೆ. ಅದು ನನ್ನದು. ನನ್ನೊಬ್ಬಳದೇ. ಗಂಡನನ್ನು ಬಿಟ್ಟವಳ ಜೋಡಿ ಮಲಗಲು ಉಳಿದ ಯಾವ ಹೆಂಗಸೂ ಒಪ್ಪಲಿಲ್ಲ, ವೈನಿ ಕೂಡ ತನ್ನ ಚಿಕ್ಕಮ್ಮನ ಕಾಲು ಒತ್ತಬೇಕೆಂದು ನೆಪ ಹೇಳಿ ಮೊದಲನೆಯ ಕೋಣೆ ಹಿಡಿದಳು.

ನನ್ನ ಕೋಣೆಯ ಹೊಲಸು ಹೇಳತೀರದು. ನೆಲಕ್ಕೆ ಎಣ್ಣೆಯ ಜಿಡ್ಡು, ಕಾಲಿಟ್ಟರೆ ಚಪ್ಪಲಿ ಕಚ್ಚಿ ಹಿಡಿಯುತ್ತಿತ್ತು. ಹಿಂದಿನ ಯಾತ್ರಿಕರು ಮೂಲೆಯಲ್ಲಿ ಉಗುಳಿದ ಎಲೆಯಡಿಕೆ ಒಣಗಿ ಕಪ್ಪಾಗಿತ್ತು, ಅದರ ಪಕ್ಕದಲ್ಲಿ ಯಾರೋ ವಾಂತಿ ಮಾಡಿ ಬೂದಿ ಮುಚ್ಚಿದ್ದರು. ಇದನ್ನಾದರೂ ತಡೆಯಬಹುದಿತ್ತು. ಸದ್ದನ್ನು ತಡೆಯಲಾಗಲಿಲ್ಲ. ಅದು ಕಿವಿಯಿಂದ ಬರುವ ಸದ್ದಲ್ಲ. ಹಲ್ಲಿನಿಂದ, ಮೊಣಕಾಲಿನಿಂದ, ಹೊಕ್ಕುಳಿನಿಂದ ಬರುತ್ತಿತ್ತು. ಹಲಗೆಯ ಮೇಲಿಟ್ಟ ಹಿತ್ತಾಳೆಯ ಲೋಟ ತಾನೇ ನಡೆಯುತ್ತ ಅಂಚಿಗೆ ಹೋಗಿ ನೆಲಕ್ಕೆ ಬಿತ್ತು. ಬಿದ್ದದ್ದನ್ನು ಕಂಡೆ, ಬಿದ್ದ ಸದ್ದು ಕೇಳಲಿಲ್ಲ. ಕಿವಿಯ ಹತ್ತಿರ ಚಪ್ಪಾಳೆ ತಟ್ಟಿಕೊಂಡೆ, ಇಲ್ಲ. ಗಟ್ಟಿಯಾಗಿ ‘ಓಂ ನಮಃ ಶಿವಾಯ’ ಅಂದೆ, ನನ್ನ ದನಿ ನನಗೇ ಮುಟ್ಟಲಿಲ್ಲ. ಆ ಹೊತ್ತಿಗೆ ಶಿವನಿಗಾದರೂ ಮುಟ್ಟಿತೋ ಇಲ್ಲವೋ.

ಮೇಲೆ ಹತ್ತಿ ಹೋಗಿ ಪರಮಾನಂದನನ್ನು ಕೇಳಿದೆ. ಅವನು ಬಾಳೆಹಣ್ಣು ತಿನ್ನುತ್ತ, ಗೋದಾವರಿ ಎಷ್ಟು ಶಾಂತವಾಗಿ ಹರಿಯುತ್ತಾಳೆ ನೋಡಿರಿ ಎಂದು ನನಗೇ ಉಪದೇಶ ಮಾಡಿದ. ಒಂದು ರಾತ್ರಿ ತಾನೆ, ಸಹಿಸಿಕೊಂಡರೆ ಪುಣ್ಯ ಅಂದ. ಸಿಪ್ಪೆಯನ್ನು ಆ ಶಾಂತ ಗೋದಾವರಿಗೇ ಎಸೆದ. ಅಣ್ಣನ ಕಡೆ ನೋಡಿದೆ, ಅವನು ಗುಡ್ಡ ನೋಡುತ್ತಿದ್ದ. ಇನ್ನು ಇವರ ಕಾಲು ಹಿಡಿಯುವುದು ಸಾಕೆಂದು ನಾನೇ ಇಂಜಿನ್ ಕೋಣೆಗೆ ನುಗ್ಗಿದೆ.

ಅಲ್ಲಿ ಇಂಜಿನ್ ನಡೆಸುವವನು ಒಬ್ಬನೇ ಇದ್ದ. ಐವತ್ತರ ಹತ್ತಿರದ ತೆಲುಗಿನವನು, ಉಗುರಿನ ಸಂದಿಯೆಲ್ಲ ನಿಮ್ಮ ಹಾಗೆಯೇ ಕಪ್ಪು. ಅವನಿಗೆ ಕನ್ನಡದಲ್ಲೇ ಬೈದೆ, ಕೈ ಮಾಡಿ ಬೈದೆ. ಅವನು ಸಿಟ್ಟಾಗಲಿಲ್ಲ. ನನ್ನ ಕಣ್ಣು ಬಿಟ್ಟು ಬಾಯಿಯನ್ನೇ ನೋಡುತ್ತ, ನಗುತ್ತ, ಗೋಣು ಹಾಕುತ್ತ ಹೂಂ ಹೂಂ ಅಂದ. ವಾಸನೆ ತಾಳದೆ ನಾನು ಸೆರಗು ಮೂಗುಬಾಯಿಗೆ ಹಿಡಿದುಕೊಂಡು ಮತ್ತೆ ಬೈದೆ. ಕೂಡಲೇ ಅವನ ನಗು ಹೋಯಿತು. ದಾರಿ ತಪ್ಪಿದವನ ಹಾಗೆ ನನ್ನನ್ನು ನೋಡಿದ.

ಅಷ್ಟರಲ್ಲಿ ಅವನ ಜೊತೆಗಾರ ಬಾಗಿಲಿಗೆ ಬಂದು ಹಿಂದಿನಿಂದ ಕೂಗಿದ. ಬಾಯಿ ಅಷ್ಟಗಲ ತೆರೆದದ್ದು ನನಗೆ ಕಾಣಿಸಿತು. ಇವನು ತಿರುಗಲಿಲ್ಲ. ಬಂದವನಿಗೆ ಬೇಜಾರಾಗಲೂ ಇಲ್ಲ; ನಾಲ್ಕು ಹೆಜ್ಜೆ ಒಳಗೆ ಬಂದು ಹೆಗಲ ಮೇಲೆ ಕೈ ಇಟ್ಟ, ಇವನು ತಿರುಗಿದ. ಇಬ್ಬರೂ ಬೆರಳಿನಲ್ಲೇ ಮಾತಾಡಿಕೊಂಡರು. ಆಮೇಲೆ ಇವನು ಇಂಜಿನ್ನಿನ ಮೈಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಅದರ ನಾಡಿ ನೋಡಿದ.

ಆ ನಗು, ಆ ಗೋಣು, ಆ ಅಂಗೈ ನನಗೆ ಹೊಸವಲ್ಲ. ಹನ್ನೊಂದು ವರ್ಷ ಅವುಗಳ ಜೋಡಿ ಸಂಸಾರ ಮಾಡಿದ್ದೇನೆ. ಅವನಿಗೆ ಕಿವಿ ಕೇಳುವುದಿಲ್ಲ. ನಿಮಗೆ ಕಿವಿ ಕೇಳುವುದಿಲ್ಲ. ಇಪ್ಪತ್ತು ವರ್ಷ ಆ ಹತ್ತಿ ಗಿರಣಿಯ ಇಂಜಿನ್ನಿನ ಮಗ್ಗುಲಲ್ಲಿ ನಿಂತು ನಿಮ್ಮ ಕಿವಿ ಹೋಗಿದೆ. ಅದನ್ನು ನೀವು ಯಾರಿಗೂ ಹೇಳಿಲ್ಲ.

ಆ ರಾತ್ರಿ ನಿದ್ದೆ ಹೇಗೂ ಇರಲಿಲ್ಲ. ಕೂತು ಒಂದೊಂದೇ ನೆನಪು ಮಾಡಿಕೊಂಡೆ. ಮನೆಯಲ್ಲಿ ಯಾವಾಗಲೂ ಬಾಗಿಲಿಗೆ ಮುಖ ಮಾಡಿಯೇ ಕೂಡುತ್ತಿದ್ದಿರಿ. ದೀಪ ಆರಿಸಿದ ಮೇಲೆ ನಾನು ಏನು ಕೇಳಿದರೂ ಉತ್ತರ ಇರುತ್ತಿರಲಿಲ್ಲ. ನನ್ನ ಮಾತು ಸಾಕಾಗಿ ಮಗ್ಗುಲಾದಿರಿ ಎಂದು ನಾನು ದಿಂಬು ಕಚ್ಚಿಕೊಂಡು ಅತ್ತಿದ್ದೇನೆ. ಕತ್ತಲೆಯಲ್ಲಿ ನನ್ನ ಬಾಯಿ ನಿಮಗೆ ಎಲ್ಲಿ ಕಾಣಬೇಕು? ನಾನು ಕೆಮ್ಮಿದರೆ ಬೆನ್ನಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಿರಿ. ಅದನ್ನು ಮಾತ್ರ ಪ್ರೀತಿ ಎಂದುಕೊಂಡಿದ್ದೆ, ಅದು ತಪ್ಪಿರಲಿಕ್ಕಿಲ್ಲ.

ಇನ್ನು ನಮ್ಮವ್ವನ ಮಾತು. ಅವಳು ಹಾಸಿಗೆ ಹಿಡಿದ ಸುದ್ದಿ ಬಂದ ದಿನ ನಾನು ಒಲೆಯ ಮುಂದಿನಿಂದ ನಿಮಗೆ ಹೇಳಿದೆ: “ನಾಳೆ ನನ್ನ ಕೂಡ ಇಂಡಿಗೆ ಬರ್ರಿ, ಅವ್ವ ನಿಮ್ಮನ್ನ ನೋಡಬೇಕಂತಾಳ.” ಅತ್ತೆಯವರು ಎದುರಿಗೇ ಕೂತಿದ್ದರು. ಹಿರಿಯರ ಮುಂದೆ ಗಂಡನ ಜೋಡಿ ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯಬೇಕು, ನಿಮ್ಮ ಮನೆಗೆ ಬಂದ ಮೊದಲ ದಿನ ಕಲಿಸಿದ ರೀತಿ ಅದು. ನಾನು ಹಿಡಿದಿದ್ದೆ. ನೀವು ಹೂಂ ಅಂದಿರಿ. ಮರುದಿನ ಬುತ್ತಿ ಕಟ್ಟಿಕೊಂಡು ಗಿರಣಿಗೆ ನಡೆದಿರಿ. ನಾನೊಬ್ಬಳೇ ಹೋದೆ. ಅಳಿಯ ಬಂದನೇನು ಎಂದು ಅವ್ವ ಮೂರು ದಿನ ಕೇಳಿದಳು, ನಾಲ್ಕನೆಯ ದಿನ ಕೇಳಲಿಲ್ಲ. ನೀವು ಮಣ್ಣಿಗೆ ಬಂದಿರಿ. ನಾನು ನಿಮ್ಮ ಮುಖ ನೋಡಲಿಲ್ಲ.

ಕಲ್ಲಿನ ಜೋಡಿ ಸಂಸಾರ ಮಾಡಲಿಕ್ಕೆ ಆಗುತ್ತದೆಯೇ ಎಂದು ಅಣ್ಣ ಕೇಳಿದಾಗ ನಾನು ಆಗುವುದಿಲ್ಲ ಅಂದೆ. ಮುದ್ದೇಬಿಹಾಳಕ್ಕೆ ಮರಳಿ ಬಂದದ್ದು ಟ್ರಂಕು ತುಂಬಿಕೊಳ್ಳಲಿಕ್ಕೆ. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಲಾಂಚಿನಿಂದ ಇಳಿದ ಮೇಲೆ ಎರಡು ದಿನ ನನಗೂ ಕಿವಿ ಮಂದವಾಗಿದ್ದವು. ಯಾರು ಏನು ಅಂದರೂ, ಕೇಳಲಿಲ್ಲ ಎಂದು ಹೇಳಲು ನಾಚಿಕೆಯಾಗಿ, ನಗುತ್ತ ಗೋಣು ಹಾಕಿದೆ. ಎರಡೇ ದಿನಕ್ಕೆ ನಾನೂ ಅದನ್ನೇ ಕಲಿತೆ ನೋಡಿರಿ. ಬಸ್ಸಿನಲ್ಲಿ ವೈನಿ ನನ್ನ ಎದುರಿಗೇ ಕೂತು ಪಕ್ಕದವಳಿಗೆ ಹೇಳಿದ್ದು ಮಾತ್ರ ಅವಳ ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತು: “ಇಕಿಗೆ ಸೊಕ್ಕು ಬಂದೈತಿ. ಕರದ್ರ ತಿರುಗಿ ಸೈತ ನೋಡವಲ್ಲಳು.” ಇದೇ ಮಾತನ್ನು ನಿಮ್ಮ ಬಗ್ಗೆ ನಾನು ನಮ್ಮ ಓಣಿಯ ತುಂಬ ಆಡಿದ್ದೇನೆ. ಆ ಕೋಣೆಯ ಹೊಲಸಿಗಿಂತ ನನ್ನ ನಾಲಗೆಯ ಹೊಲಸು ದೊಡ್ಡದಿತ್ತು.

ಹಾಗೆಂದು ನಿಮ್ಮನ್ನು ಸುಮ್ಮನೆ ಬಿಡುತ್ತೇನೆ ಎಂದು ತಿಳಿಯಬೇಡಿರಿ. ಕಿವಿ ಕೇಳದ ಫಿಟರನನ್ನು ಮಾಲಕ ಇಟ್ಟುಕೊಳ್ಳುವುದಿಲ್ಲ ಎಂಬ ಭಯ ನಿಮಗಿತ್ತು, ಅದು ನನಗೆ ತಿಳಿಯುತ್ತದೆ. ಮಾಲಕನಿಗೆ ಹೇಳಬೇಡಿರಿ, ಊರಿಗೆ ಹೇಳಬೇಡಿರಿ. ಒಂದು ಹಾಸಿಗೆಯಲ್ಲಿ ಮಲಗುವವಳಿಗೂ ಹೇಳಬಾರದೇ? ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲು ಅನ್ನಿಸಿಕೊಳ್ಳುವುದು ನಿಮಗೆ ಲೇಸಾಯಿತೇ? ನನ್ನನ್ನು ಕಳಕೊಳ್ಳುವುದೂ ಲೇಸಾಯಿತೇ? ನನಗೆ ಆ ಲಾಂಚಿನ ಮೇಲೆ ಹೇಸಿಗೆ, ಪರಮಾನಂದನ ಮೇಲೆ ಹೇಸಿಗೆ, ನಿಮ್ಮ ಈ ಮೂಕ ಅಭಿಮಾನದ ಮೇಲೆ ಇನ್ನೂ ಹೆಚ್ಚಿನ ಹೇಸಿಗೆ. ಮುಖಾಮುಖಿ ಬೈಯಬೇಕಾಗಿದೆ, ಕಾಗದದಲ್ಲಿ ಬೈದು ತೃಪ್ತಿಯಿಲ್ಲ.

ನಾನು ತಿಳಿದದ್ದು ಸುಳ್ಳಾಗಿದ್ದರೆ, ನಿಮಗೆ ಎಲ್ಲವೂ ಕೇಳುತ್ತಿದ್ದು ಬೇಕೆಂದೇ ಸುಮ್ಮನಿದ್ದವರಾಗಿದ್ದರೆ, ಸೋಡಚೀಟಿಗೆ ಸಹಿ ಮಾಡಿ ಗುರುವಾರ ಹಿರಿಯರ ಕೈಗೆ ಕೊಡಿರಿ. ನಿಜವಾಗಿದ್ದರೆ ಅದನ್ನು ಒಲೆಗೆ ಹಾಕಿರಿ. ಅಣ್ಣನಿಗೆ ನಾನು ಹೇಳಿಕೊಳ್ಳುತ್ತೇನೆ. ಸೋಮವಾರ ಮುಂಜಾನೆ ಇಂಡಿ ಬಿಟ್ಟು, ವಿಜಾಪುರದಲ್ಲಿ ಬಸ್ಸು ಬದಲಿಸಿ, ಬಾಗೇವಾಡಿ ಹಾದು ಮಧ್ಯಾಹ್ನಕ್ಕೆ ಮುದ್ದೇಬಿಹಾಳಕ್ಕೆ ಬರುತ್ತೇನೆ. ಸಂಕ್ರಮಣದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಇಲ್ಲಿಂದಲೇ ತರುತ್ತೇನೆ, ಅತ್ತೆಯವರಿಗೆ ತ್ರಾಸು ಕೊಡಬೇಡಿರಿ. ಇನ್ನು ಮುಂದೆ ಅವರ ಮುಂದೆಯೂ ನಾನು ಬಾಯಿಗೆ ಸೆರಗು ಹಿಡಿಯುವುದಿಲ್ಲ. ಅವರು ಏನು ಬೇಕಾದರೂ ಅನ್ನಲಿ.

ಇಂತಿ,
ಇನ್ನೂ ನಿಮ್ಮವಳೇ ಆಗಿರುವ
ಕಸ್ತೂರೆವ್ವ

ತಾ.ಕ.: ಬರೆಯುವುದಿಲ್ಲ ಅಂದದ್ದನ್ನು ಬರೆಯುತ್ತಿದ್ದೇನೆ. ಆ ದಿನ ನೀವು ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಬೆನ್ನು ತಿರುಗಿಸಿ ನಡೆದಿರಿ. ಒಮ್ಮೆ ತಿರುಗಿ ನೋಡಿದರೆ ಇಳಿದುಬಿಡೋಣ ಎಂದು ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಮ್ಮನ್ನು ಹೆಸರು ಹಿಡಿದು ಕೂಗಿದೆ. ಹೌದು, ಹೆಸರು ಹಿಡಿದು. ಒಮ್ಮೆಯಲ್ಲ, ಮೂರು ಸಲ. ಬಸ್ಸಿನವರೆಲ್ಲ ನನ್ನ ಕಡೆ ನೋಡಿದರು, ಟಿಕೀಟು ಹರಿಯುತ್ತಿದ್ದ ಕಂಡಕ್ಟರ್ ಕೈ ತಡೆದು ನಿಂತ. ಯಾವ ಹೆಂಡತಿಯೂ ಮಾಡಬಾರದ್ದನ್ನು ಮಾಡಿದರೂ ನೀವು ತಿರುಗಲಿಲ್ಲ. ನಾನು ನಿಮ್ಮನ್ನು ಬಿಟ್ಟದ್ದು ಅವ್ವನ ಸಲುವಾಗಿ ಎಂದು ಎಲ್ಲರಿಗೂ ಹೇಳಿದ್ದೇನೆ, ಅದು ಸುಳ್ಳು. ಆ ಮೂರು ಕೂಗಿನ ಸಲುವಾಗಿ ಬಿಟ್ಟೆ. ನಿಮಗೆ ಅವು ಮುಟ್ಟಲೇ ಇಲ್ಲವೆಂದು ಈಗ ತಿಳಿದ ಮೇಲೆ, ಲಕೋಟೆಯ ಮೇಲೆ ಶ್ರೀಶೈಲಪ್ಪ ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ. ಸೋಮವಾರ ಸ್ಟ್ಯಾಂಡಿಗೆ ಬರ್ರಿ. ಬಸ್ಸಿಗೆ ಬೆನ್ನು ಮಾಡಿ ನಿಂತಿದ್ದರೂ ಚಿಂತೆಯಿಲ್ಲ, ನಾನು ಕೂಗುವುದಿಲ್ಲ. ಇಳಿದು ಬಂದು ಹೆಗಲ ಮೇಲೆ ಕೈ ಇಡುತ್ತೇನೆ.