ಬೀಗದ ಒಳಗೆ ಮಲಗಿದವರು

ಮಾರ್ಚ್ ೧೨, ಗುರುವಾರ

ಪ್ರೀತಿಯ ಗುಂಡನಿಗೆ ಅಕ್ಕನ ಆಶೀರ್ವಾದಗಳು.

ನೀನು ಹೊಸ ಮನೆಗೆ ಹೋದ ಮೇಲೆ ಬರೆಯುತ್ತೇನೆಂದು ಮಾತು ಕೊಟ್ಟು, ತಿಂಗಳುಗಟ್ಟಲೆ ಸುಮ್ಮನಿದ್ದುಬಿಟ್ಟೆ. ಕೋಪ ಮಾಡಿಕೊಳ್ಳಬೇಡ. ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ ಬಂದ ಕೈ ಪೆನ್ನು ಹಿಡಿದರೆ ನನ್ನ ಮಾತು ಕೇಳುವುದಿಲ್ಲ. ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ? ಮಗು ಹೆಜ್ಜೆ ಇಡುತ್ತಿದೆಯೇ?

ಇಲ್ಲಿ ದೊಡ್ಡ ರಂಪವೇ ಆಯಿತು. ಮುಂದಿನ ತಿಂಗಳ ಪುರಸಭೆ ಚುನಾವಣೆಗೆ ಮತದಾರರ ಪಟ್ಟಿ ಬಂತು. ನೋಡಿದರೆ ರಾತ್ರಿಯೆಲ್ಲ ಬೇಕರಿಗಳಲ್ಲಿ ದುಡಿಯುವ ನಮ್ಮ ಬೀದಿಯ ಒಬ್ಬರ ಹೆಸರೂ ಇಲ್ಲ. ಬೇಕರಿಗಳನ್ನು ಊರಾಚೆ ಅಟ್ಟುತ್ತೇನೆಂದು ಹೊರಟಿರುವ ಸದಸ್ಯರು ಮತ್ತೆ ನಿಂತಿದ್ದಾರೆ. ಅವರ ಕಾರು ಓಡಿಸುವ ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕಳೆದ ಸಲ ಗೆದ್ದದ್ದೇ ಕೂದಲೆಳೆ ಅಂತರದಲ್ಲಿ. ನಮ್ಮ ಬೀದಿ ಓಟು ಹಾಕಿದರೆ ಅವರು ಮನೆಗೆ, ಹಾಕದಿದ್ದರೆ ನಾವು ಬೀದಿಗೆ.

ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತ ತಲೆ ಎತ್ತದೆ, “ಎಷ್ಟು ಸಲ ಬಂದ್ರೂ ಎಲ್ಲಾ ಮನೆಗೂ ಬೀಗ. ಊರು ಬಿಟ್ಟಿದಾರೆ ಅಂತ ಹೆಸರು ತೆಗೆದ್ವಿ” ಅಂದ.

“ಯಾವ ಹೊತ್ತಲ್ಲಿ ಬಂದಿದ್ರಿ?”

“ಹಗಲಲ್ಲೇ. ಇನ್ನೇನು ರಾತ್ರಿ ಬರ್ಬೇಕಿತ್ತಾ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಬೀದಿಯ ಬೀಗದ ಕಥೆ ನಿನಗೆ ಹೊಸದಾಗಿ ಹೇಳಬೇಕೇ? ಹಗಲು ಮಲಗುವವರಿಗೆ ಬಾಗಿಲು ತಟ್ಟುವವರೇ ಶತ್ರುಗಳು. ಅದಕ್ಕೇ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿತ್ತಲಿನಿಂದ ಒಳಗೆ ಬಂದು ಮಲಗುತ್ತೇವೆ. ಅಮ್ಮ ಬೀಗ ಹಾಕಿ ಸುತ್ತಿಕೊಂಡು ಬರುವಷ್ಟರಲ್ಲಿ ನೀನು ಅವಳ ಹಾಸಿಗೆಯ ಮೇಲೆ ಅಡ್ಡಡ್ಡ ಬಿದ್ದಿರುತ್ತಿದ್ದೆ.

“ನಾವು ಒಳಗೇ ಇದ್ವಿ” ಅಂದೆ.

“ಹೊರಗೆ ಬೀಗ ಹಾಕಿ ಒಳಗೆ ಮಲಗೋರನ್ನ ನಾನು ಕಂಡಿಲ್ಲಮ್ಮ. ಒಬ್ಬೊಬ್ರೂ ಖುದ್ದಾಗಿ ಬಂದು ಸಾಹೇಬ್ರ ಮುಂದೆ ಹೇಳಿ. ಸೋಮವಾರ, ಬೆಳಗ್ಗೆ ಹತ್ತಕ್ಕೆ.”

ಬೆಳಗ್ಗೆ ಹತ್ತು ಅಂದರೆ ನಮಗೆ ನಡುರಾತ್ರಿ. ಇವರೆಲ್ಲಿ ಬರುತ್ತಾರೆ ಎಂದುಕೊಂಡಿರಬೇಕು.

ಹೋದೆವು. ಕೆಲಸ ಮುಗಿಸಿದವರು ಮನೆಯ ಮುಖ ನೋಡದೆ, ಚಾಪೆ ದಿಂಬು ಹೊತ್ತು ನೇರ ಕಚೇರಿಗೇ ನಡೆದೆವು. ಬೆಂಕಿ ನೋಡಿಕೊಳ್ಳುವ ಒಲೆ ತಾತ ಮೆಟ್ಟಿಲ ಬಳಿ ಜಾಗ ಹಿಡಿದ. ಹತ್ತಾಯಿತು, ಹನ್ನೊಂದಾಯಿತು, ಸಾಹೇಬರ ಪತ್ತೆಯಿಲ್ಲ. ಕಾದು ಕಾದು ಎಲ್ಲರೂ ಉರುಳಿಕೊಂಡೆವು. ಮೈಮೇಲೆ ಮೈದಾ, ಪಡಸಾಲೆ ತುಂಬ ಗೊರಕೆ. ಕೊನೆಗೆ ಸಾಹೇಬರು ಬಂದಾಗ ಕಾಲಿಡಲು ಜಾಗವಿರಲಿಲ್ಲ.

“ಏನ್ರೀ ಇದು? ಇದೇನು ಕಚೇರಿನೋ, ಮಲಗೋ ಕೋಣೆನೋ?”

ಒಲೆ ತಾತ ಕಣ್ಣು ಬಿಡದೆ, “ಮನೇಲಿ ನಾವಿಲ್ಲ ಅಂತ ನೀವೇ ಬರ್ದಿದೀರಲ್ಲ ಸ್ವಾಮಿ. ಮತ್ತೆಲ್ಲಿ ಮಲಗೋಣ?” ಅಂದ.

ಸಾಹೇಬರು ನಾಳೆ ಬನ್ನಿ ಅಂದರು. “ಬರ್ತೀವಿ. ನಾಳೆ ಹೊದಿಕೆನೂ ತರ್ತೀವಿ” ಅಂದೆ. ತಂದೆವು ಕೂಡ. ಕೆಲಸಕ್ಕೆ ಬಂದವರೆಲ್ಲ ನಮ್ಮನ್ನು ದಾಟಿಕೊಂಡೇ ಓಡಾಡಬೇಕಾಯಿತು. ಕೊನೆಗೆ ಮೂರನೆಯ ದಿನ, ನಿನ್ನೆ, ನಮ್ಮನ್ನು ಒಬ್ಬೊಬ್ಬರನ್ನೇ ಎಬ್ಬಿಸಿ, ಕೇಳಿ, ಎಲ್ಲರ ಹೆಸರೂ ಪಟ್ಟಿಗೆ ಸೇರಿಸಿದರು. ನನ್ನ ಸರದಿ ಬಂದಾಗ ನಿದ್ದೆಗಣ್ಣಲ್ಲೂ ಎದೆಯುಬ್ಬಿಸಿಯೇ ನಿಂತಿದ್ದೆ. ಈಗ ಪ್ರತಿ ಬಾಗಿಲಿಗೂ ಬೀಗದ ಪಕ್ಕ ಒಂದು ರಟ್ಟು ತೂಗುತ್ತಿದೆ: “ಒಳಗಿದ್ದೇವೆ. ಜೋರಾಗಿ ತಟ್ಟಿ.”

ನಿನ್ನ ಹೆಂಡತಿಗೆ ಭಾರ ಎತ್ತಬೇಡ ಅಂತ ಹೇಳು. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ತಾ. ಕ.: ನಿನ್ನೆ ಹೊರಡುವಾಗ ಗುಮಾಸ್ತ ನನ್ನನ್ನು ಪಕ್ಕಕ್ಕೆ ಕರೆದ. “ನನ್ನೊಬ್ಬನದೇ ತಪ್ಪಲ್ಲಮ್ಮ. ಎಲ್ಲಾ ಮನೆಗೂ ಬೀಗ ನೋಡಿ ನಂಗೂ ಅನುಮಾನ ಬಂದಿತ್ತು. ನಿಮ್ಮ ತಮ್ಮ ಕಾರು ನಿಲ್ಲಿಸ್ಕೊಂಡು ಅಲ್ಲೇ ಇದ್ರು. ‘ನಾನು ಹುಟ್ಟಿ ಬೆಳೆದ ಬೀದಿ, ಇಲ್ಲೀಗ ಯಾರೂ ಇಲ್ಲ, ಬರ್ಕೊಳಿ’ ಅಂದ್ರು” ಅಂದ. ನಾನು ಆಗ ಒಳಗೆ ಮಲಗಿದ್ದೆ ಕಣೋ ಗುಂಡ. ಅದು ಗುಮಾಸ್ತನಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ಇದನ್ನು ಮೊದಲೇ ಬರೆಯಬೇಕೆಂದು ಕೂತೆ, ಕೈ ಬರಲಿಲ್ಲ. ಓಟಿನ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಾನಿರುತ್ತೇನೆ. ಸದಸ್ಯರ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡು. ಆಮೇಲೆ ಮನೆಗೆ ಬಂದು, ನಾನಿಲ್ಲ ಅಂತ ನನ್ನ ಮುಖ ನೋಡಿ ಹೇಳು. ಮುಂದೆ ಬೀಗವಿರುತ್ತದೆ. ಹಿತ್ತಲ ಬಾಗಿಲಿನ ಚಿಲಕ ನಾನು ಇನ್ನೂ ಹಾಕಿಲ್ಲ.